ದೋಹಾದಿಂದ ಗೆಳೆಯನಿಗೆ: ಒಂದು-ಸೊನ್ನೆಯ ಭಯ

ದೋಹಾ
14 ಜೂನ್ 2024

ಪ್ರಿಯ ಗಣೇಶ,

ಮಂಗಳವಾರ ರಾತ್ರಿ ಇಲ್ಲಿ ವಿಶ್ವಕಪ್ ಫುಟ್‌ಬಾಲ್ ಅರ್ಹತಾ ಪಂದ್ಯಗಳ ಎರಡನೇ ಸುತ್ತಿನಲ್ಲಿ ಭಾರತ ಕತಾರಿಗೆ 2-1ರಿಂದ ಸೋತ ಮೇಲೆ ನೀನು ಕಳಿಸಿದ ಕೋಪದ ಸಂದೇಶಗಳೆಲ್ಲ ತಲುಪಿವೆ. ಬೈಗುಳಗಳನ್ನು ಬಿಟ್ಟರೆ ಅವುಗಳಲ್ಲಿ ಇರುವುದು ಒಂದೇ ಪ್ರಶ್ನೆ: “ಮೈದಾನದಲ್ಲೇ ಕುಳಿತಿದ್ದೆಯಲ್ಲ ಮಾರಾಯ, ಚೆಂಡು ಗೆರೆ ದಾಟಿದ್ದು ನಿನಗೂ ಕಾಣಲಿಲ್ಲವೇ?”

ಇಲ್ಲ, ಕಾಣಲಿಲ್ಲ. ನಮ್ಮ ಆಸನಗಳಿಂದ ಆ ಮೂಲೆ ದೂರ. ಕತಾರಿನ ಫ್ರೀಕಿಕ್ ಬಂತು, ಅವರ ಯೂಸೆಫ್ ಐಮನ್ ತಲೆ ಕೊಟ್ಟ, ನಮ್ಮ ಗೋಲ್‌ಕೀಪರ್ ಗುರುಪ್ರೀತ್ ತಡೆದು ನೆಲಕ್ಕೆ ಬಿದ್ದ. ಆಮೇಲೆ ಕಂಡದ್ದು ನಮ್ಮ ಹುಡುಗರ ಬೆನ್ನುಗಳು ಮಾತ್ರ. ಅವರು ಆಟ ನಿಲ್ಲಿಸಿಬಿಟ್ಟಿದ್ದರು. ಹಾಗಾದರೆ ಚೆಂಡು ಹೊರಗೆ ಹೋಗಿದೆ, ಕಾರ್ನರ್ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಬಲೆ ಅಲುಗಿತು. ಕತಾರಿನವರು ಓಡಿ ಸಂಭ್ರಮಿಸುತ್ತಿದ್ದರು, ನಮ್ಮವರು ರೆಫರಿಯನ್ನು ಸುತ್ತುವರಿದಿದ್ದರು. ಅಲ್ಲಿ ಏನು ನಡೆಯಿತೆಂದು ನನಗೆ ತಿಳಿದದ್ದು ಬೆಂಗಳೂರಿನಿಂದ ನೀನು ಕಳಿಸಿದ ತುಣುಕು ನೋಡಿದ ಮೇಲೆ. ಚೆಂಡು ಪೂರ್ತಿ ಹೊರಗೆ ಉರುಳಿದೆ. ಅದನ್ನು ಕತಾರಿನ ಹಾಶ್ಮಿ ಹುಸೇನ್ ಒಳಕ್ಕೆಳೆದಿದ್ದಾನೆ, ಐಮನ್ ಗೋಲಿಗೆ ತಳ್ಳಿದ್ದಾನೆ. ಈ ಸುತ್ತಿನಲ್ಲಿ ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ, ಇರಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಸೋಫಾದ ಮೇಲಿದ್ದ ನಿನಗೆ ಗೊತ್ತಾದದ್ದು ಮೈದಾನದ ನಡುವೆ ಸೀಟಿ ಹಿಡಿದು ನಿಂತವನಿಗೆ ಗೊತ್ತಾಗಲಿಲ್ಲ. ಅದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ.

ಆದರೆ ರೆಫರಿಯೊಬ್ಬನನ್ನೇ ಗಲ್ಲಿಗೇರಿಸಿ ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುತ್ತಿಲ್ಲ. ನನಗೆ ಹೊಟ್ಟೆಯಲ್ಲಿ ತಳಮಳ ಶುರುವಾದದ್ದು ಆ ಗೋಲು ಬಂದ 73ನೇ ನಿಮಿಷದಲ್ಲಲ್ಲ, 37ನೇ ನಿಮಿಷದಲ್ಲಿ. ನಮ್ಮ ಬ್ರ್ಯಾಂಡನ್ ಕೊಟ್ಟ ಚೆಂಡನ್ನು ಛಾಂಗ್ಟೆ ಒಂದೇ ಏಟಿಗೆ ಬಲೆಗೆ ಸೇರಿಸಿದಾಗ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣ ಸ್ವಲ್ಪ ಹೊತ್ತು ನಮ್ಮದೇ ಆಗಿತ್ತು. ಪಕ್ಕದಲ್ಲಿದ್ದ, ಹೆಸರೂ ಗೊತ್ತಿಲ್ಲದ ಮಲಯಾಳಿ ಹುಡುಗ ನನ್ನನ್ನು ಅಪ್ಪಿಕೊಂಡು ಕುಣಿದ. ನಾನೂ ಕುಣಿದೆ. ಕುಳಿತ ಮೇಲೆ ನೆನಪಾಯಿತು, ಇನ್ನು ಇದನ್ನು ಕಾಯಬೇಕಲ್ಲ ಎಂದು.

ಒಂದು-ಸೊನ್ನೆ ನಮ್ಮ ತಂಡಕ್ಕೆ ಆಗಿಬರುವುದಿಲ್ಲ. ಉತ್ಪ್ರೇಕ್ಷೆ ಎನ್ನಬೇಡ. 2019ರ ಸೆಪ್ಟೆಂಬರಿನಲ್ಲಿ ಗುವಾಹಟಿಯಲ್ಲಿ ಒಮಾನ್ ವಿರುದ್ಧ ನಾಯಕ ಸುನಿಲ್ ಛೆಟ್ರಿ 24ನೇ ನಿಮಿಷದಲ್ಲೇ ಗೋಲು ಹೊಡೆದಿದ್ದರು. 82ರಲ್ಲಿ ಒಂದು, 90ರಲ್ಲಿ ಒಂದು ಬಿಟ್ಟುಕೊಟ್ಟು ಸೋತೆವು. ಈ ಮಾರ್ಚ್‌ನಲ್ಲಿ ಅದೇ ಗುವಾಹಟಿಯಲ್ಲಿ ಅಫ್ಘಾನಿಸ್ತಾನ. ಛೆಟ್ರಿಯ 150ನೇ ಪಂದ್ಯ, ಅವರದೇ ಪೆನಾಲ್ಟಿ ಗೋಲು, ಮತ್ತೆ ಒಂದು-ಸೊನ್ನೆ. 70ರಲ್ಲಿ ಸಮವಾಯಿತು, 88ರಲ್ಲಿ ಪೆನಾಲ್ಟಿ ಕೊಟ್ಟು ಕೈಚೆಲ್ಲಿದೆವು. ಮಂಗಳವಾರ ರಾತ್ರಿ ದೋಹಾದಲ್ಲಿ 73 ಮತ್ತು 85. ಮೂರೂ ಸಲ 2-1, ಮೂರೂ ಸಲ ಮೊದಲು ಮುಂದಿದ್ದವರು ನಾವೇ. ಆ ಎರಡು ಗುವಾಹಟಿ ಪಂದ್ಯಗಳಲ್ಲಿ ಯಾವ ಚೆಂಡೂ ಗೆರೆಯಾಚೆಯಿಂದ ಒಳಗೆ ಬಂದಿರಲಿಲ್ಲ.

ವಿಚಿತ್ರ ನೋಡು: ಕಳೆದುಕೊಳ್ಳಲು ಏನೂ ಇಲ್ಲದಾಗ ಇದೇ ತಂಡ ಕಲ್ಲಿನ ಗೋಡೆ. ಒಮಾನ್ ಪಂದ್ಯದ ಐದೇ ದಿನಗಳ ಬಳಿಕ, ಇದೇ ಕ್ರೀಡಾಂಗಣದಲ್ಲಿ, ಅದೇ ವರ್ಷ ಏಷ್ಯಾ ಕಪ್ ಗೆದ್ದಿದ್ದ ಕತಾರನ್ನು ಸೊನ್ನೆ-ಸೊನ್ನೆಗೆ ಹಿಡಿದಿಟ್ಟೆವಲ್ಲ! ಛೆಟ್ರಿ ಜ್ವರದಿಂದ ಆಡಿರಲಿಲ್ಲ, ಗುರುಪ್ರೀತ್ ನಾಯಕ, ಹೊಡೆತದ ಮೇಲೆ ಹೊಡೆತ ತಡೆದಿದ್ದ. ಈ ಸಲವೂ ಗುರುಪ್ರೀತನೇ ನಾಯಕ. ಛೆಟ್ರಿ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ಆಡಿ ವಿದಾಯ ಹೇಳಿದ್ದರು. ಎದುರಿಗೆ ಇದ್ದದ್ದು ಕತಾರಿನ ಪೂರ್ಣ ಬಲದ ತಂಡವೂ ಅಲ್ಲ. ಅವರು ಮೊದಲೇ ಮುಂದಿನ ಸುತ್ತಿಗೆ ಹೋಗಿಯಾಗಿತ್ತು, ಅಕ್ರಮ್ ಅಫೀಫ್‌ನಂಥ ಪ್ರಮುಖ ಆಟಗಾರರನ್ನು ಬಿಟ್ಟು ಹೊಸ ಹುಡುಗರನ್ನು ಇಳಿಸಿದ್ದರು. ಆ ಹುಡುಗರೇ ಎರಡನೇ ಅರ್ಧದಲ್ಲಿ ನಮ್ಮನ್ನು ಹಿಂದಕ್ಕೆ ತಳ್ಳಿದರು. ಹೊರಗೆ ಜೂನ್ ತಿಂಗಳ ಬೆಂಕಿ, ಒಳಗೆ ಯಂತ್ರಗಳು ಊದುವ ತಂಪು ಗಾಳಿ. ಆದರೂ ನನ್ನ ಅಂಗಿ ಒದ್ದೆಯಾಗಿತ್ತು.

ಇನ್ನೊಂದು ಲೆಕ್ಕ ಹೇಳುತ್ತೇನೆ, ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದೆ. ನಮ್ಮ ನಾಲ್ಕು ತಂಡಗಳಲ್ಲಿ ಮೊದಲೆರಡಕ್ಕೆ ಮಾತ್ರ ಮುಂದಿನ ಸುತ್ತು; ಪಂದ್ಯಕ್ಕೆ ಮುಂಚೆ ನಮಗೆ 5 ಅಂಕ, ಅಫ್ಘಾನಿಸ್ತಾನಕ್ಕೂ 5, ಕುವೈತ್‌ಗೆ 4. ಕುವೈತ್ ಮತ್ತು ಅಫ್ಘಾನಿಸ್ತಾನದ ಪಂದ್ಯ ಅದೇ ರಾತ್ರಿ. ಐಮನ್ ಗೋಲು ಹೊಡೆದಾಗ ಅಲ್ಲಿಂದ ಯಾವ ಗೋಲಿನ ಸುದ್ದಿಯೂ ಬಂದಿರಲಿಲ್ಲ. ಎರಡೂ ಪಂದ್ಯ ಸಮವಾದರೆ ನಾವೂ ಅಫ್ಘಾನಿಸ್ತಾನವೂ ತಲಾ 6. ಅವರು ಕತಾರ್ ಕೈಯಲ್ಲಿ ಎಂಟು ಗೋಲು ತಿಂದವರು. ಗೋಲು ಅಂತರದಲ್ಲಿ ನಾವೇ ಮೇಲೆ. ಅಂದರೆ ಆ ಕಳ್ಳ ಗೋಲಿನ ನಂತರವೂ ನಾವು ಎರಡನೇ ಸ್ಥಾನದಲ್ಲೇ ಇದ್ದೆವು, ಮೂರನೇ ಸುತ್ತಿನ ಬಾಗಿಲು ತೆರೆದೇ ಇತ್ತು! ಭಾರತ ಒಮ್ಮೆಯೂ ಕಾಲಿಡದ ಸುತ್ತು, ಜೊತೆಗೆ 2027ರ ಏಷ್ಯಾ ಕಪ್ಪಿಗೆ ನೇರ ಪ್ರವೇಶ. ಆದರೆ ಆಟಗಾರರ ಮುಖ ನೋಡಿದರೆ ಎಲ್ಲ ಮುಗಿದಂತೆ. ನಮ್ಮ ಗುಂಪಿನಲ್ಲೂ ಹಾಡು ನಿಂತು ಬೈಗುಳ ಶುರುವಾಗಿತ್ತು. ಆಮೇಲೆ ಕುವೈತ್ ಗೋಲು ಹೊಡೆಯಿತು, ಇಲ್ಲಿ ಕತಾರಿನ ಅಲ್ ರಾವಿ ಹೊಡೆದ. ಕುವೈತ್ 7 ಅಂಕದೊಂದಿಗೆ ಮುಂದೆ ಹೋಯಿತು. ಕಳೆದ ನವೆಂಬರ್‌ನಲ್ಲಿ ಅವರ ನೆಲದಲ್ಲೇ ನಾವು ಸೋಲಿಸಿದ್ದ ಕುವೈತ್! ಅಂದಹಾಗೆ ಆ ರಾತ್ರಿ ಕೊನೆಯವರೆಗೆ ಕಾಯ್ದದ್ದೂ ಒಂದು-ಸೊನ್ನೆಯೇ. ಆದ್ದರಿಂದ ಮುನ್ನಡೆ ಕಾಯುವುದು ನಮಗೆ ಬರುವುದೇ ಇಲ್ಲ ಎನ್ನಲಾರೆ, ಬಂದ ವಿದ್ಯೆ ಪ್ರತಿ ಸಲ ನಿಲ್ಲುವುದಿಲ್ಲ.

ನಮ್ಮ ಫುಟ್‌ಬಾಲ್ ಫೆಡರೇಷನ್ ದೂರು ಕೊಟ್ಟಿದೆಯಂತೆ, ಕೊಡಲಿ. ಪಂದ್ಯ ಮತ್ತೆ ನಡೆದೀತು ಎಂಬ ಆಸೆ ಇಟ್ಟುಕೊಳ್ಳಬೇಡ. ಕೋಚ್ ಸ್ಟಿಮಾಚ್ ಹೋಗಬೇಕು ಎನ್ನುತ್ತೀಯ. ಮೂರನೇ ಸುತ್ತಿಗೆ ಒಯ್ಯದಿದ್ದರೆ ಹೋಗುತ್ತೇನೆ ಎಂದು ಅವರೇ ಹೇಳಿದ್ದರು, ನನ್ನ ತಕರಾರೂ ಇಲ್ಲ. ಆದರೆ ಮುಂದೆ ಯಾರೇ ಬರಲಿ, ಮುಂದಿರುವಾಗ ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಹೊತ್ತು ಕಳೆಯುವುದನ್ನು ಕಲಿಸದಿದ್ದರೆ ವಿಎಆರ್ ಬಂದರೂ ನಮ್ಮನ್ನು ಉಳಿಸದು.

ಇಂದು ಶುಕ್ರವಾರ, ಇಲ್ಲಿ ರಜೆ. ಆ ಹನ್ನೆರಡು ಸೆಕೆಂಡಿನ ತುಣುಕನ್ನು ಮತ್ತೆ ಮತ್ತೆ ನೋಡುವುದನ್ನು ಬಿಟ್ಟು ಆ ಎರಡು ಗುವಾಹಟಿ ಪಂದ್ಯಗಳಲ್ಲಿ ಒಂದರ ಎರಡನೇ ಅರ್ಧವನ್ನು ಒಮ್ಮೆ ಪೂರ್ತಿ ನೋಡು. ಆಮೇಲೂ ರೆಫರಿಯ ಮೇಲೇ ಸಿಟ್ಟು ಉಳಿದಿದ್ದರೆ ಸಂಜೆ ಫೋನ್ ಮಾಡು, ಜಗಳವಾಡೋಣ.

ನಿನ್ನ,
ರಘು