ಹಾಡಿಯ ಜೇನಿಗೆ ಹಾಡಿಯಲ್ಲೇ ತೂಕವಾಗಲಿ

ಮಾನ್ಯರೇ,

ಶೇ 24ರಷ್ಟು ತೇವಾಂಶವಿರುವ 10 ಕೆ.ಜಿ. ಹೆಜ್ಜೇನು ತುಪ್ಪದಲ್ಲಿ ಮಿತಿಮೀರಿದ ನೀರು ಎಷ್ಟಿರುತ್ತದೆ? ನೀರು 2.4 ಕೆ.ಜಿ., ಉಳಿದ ಸತ್ವ 7.6 ಕೆ.ಜಿ. ಆಹಾರ ಸುರಕ್ಷತಾ ನಿಯಮದಂತೆ ಜೇನಿನ ತೇವಾಂಶ ಶೇ 20 ದಾಟಬಾರದು. ಆ ಮಟ್ಟಕ್ಕೆ ಇಳಿಸಿದರೆ 9.5 ಕೆ.ಜಿ. ತುಪ್ಪ ಉಳಿಯುತ್ತದೆ. ಕಳೆಯಬೇಕಾದದ್ದು ಬರೀ ಅರ್ಧ ಕೆ.ಜಿ. ಕಾಡುಜೇನಿಗೆ ಕೇಂದ್ರ ಸರ್ಕಾರ 2020ರಲ್ಲಿ ಪರಿಷ್ಕರಿಸಿದ ಬೆಂಬಲ ಬೆಲೆ ಕೆ.ಜಿ.ಗೆ 225 ರೂಪಾಯಿ. ಆ ದರ ಹಿಡಿದರೂ 10 ಕೆ.ಜಿ.ಗೆ ಆಗುವ ಕಡಿತ 112 ರೂಪಾಯಿ 50 ಪೈಸೆ. ನೀರು ಆರಿಸುವ ಖರ್ಚು ಸೇರಿಸಿದರೂ ಇನ್ನೊಂದಿಷ್ಟು, ಅಷ್ಟೇ. ಆದರೆ ಆದಿವಾಸಿಗಳ ವಸತಿಯಾದ ಹಾಡಿಯ ಅಂಚಿಗೆ ಬಂದು ಬಕೆಟ್ ಎತ್ತುವ ವ್ಯಾಪಾರಿ ‘ಇದು ನೀರು ತುಪ್ಪ’ ಎಂದು ಒಂದೇ ಮಾತಿನಲ್ಲಿ ಬೆಲೆ ಇಳಿಸುತ್ತಾನೆ. ಕೊಯ್ದವರ ಕೈಯಲ್ಲಿ ಅಳೆಯುವ ಸಾಧನವಿಲ್ಲದ ಮೇಲೆ ಅವನ ನಾಲಗೆಯೇ ಮಾಪನ.

ಕೊಡಗಿನಲ್ಲಿ ಆದಿವಾಸಿಗಳ ಅಭಿವೃದ್ಧಿ ಎಂದ ಕೂಡಲೇ ಮನೆ, ರಸ್ತೆ, ಸೋಲಾರ್ ದೀಪದ ಮಾತು ಬರುತ್ತದೆ. ಅವೆಲ್ಲ ಬೇಕು. ಆದರೆ ವರ್ಷದ ಆದಾಯ ಎಲ್ಲಿ ಸೋರುತ್ತಿದೆ ಎಂದು ನೋಡುವವರು ಕಡಿಮೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿನ ಕೂಲಿ ಇರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ತೋಟದ ಕೆಲಸ ಅರ್ಧಕ್ಕರ್ಧ ನಿಲ್ಲುತ್ತದೆ. ನಡುವಿನ ಏಪ್ರಿಲ್, ಮೇ ತಿಂಗಳಲ್ಲಿ ಕೈಗೆ ಬರುವ ಜೇನಿನ ಹಣವೇ ಮಳೆಗಾಲದ ಅಕ್ಕಿಗೆ, ಮಕ್ಕಳ ಶಾಲೆಯ ಖರ್ಚಿಗೆ ಆಧಾರ. ಸೀಗೆ, ಅಂಟುವಾಳ, ಮರಪಾಚಿಯ ಲೆಕ್ಕವೂ ಇದೆ. ಆದರೆ ಜೇನಿನಷ್ಟು ಬೇಗ ಕಾಸಾಗುವುದು ಬೇರೊಂದಿಲ್ಲ.

ತುಪ್ಪ ನೀರಾಗುವುದು ಏಕೆ? ಹೆಜ್ಜೇನಿನ ಎರಿ ಒಂದೇ ಹಲಗೆಯಂತೆ ಕೊಂಬೆಯಿಂದ ತೂಗುತ್ತದೆ. ಕೊಂಬೆಗೆ ಅಂಟಿಕೊಂಡ ದಪ್ಪ ಭಾಗದಲ್ಲಿ ತುಪ್ಪ, ಅದರ ಕೆಳಗೆ ಪರಾಗ, ಅದಕ್ಕೂ ಕೆಳಗೆ ಮರಿಗಳು. ತುಪ್ಪ ಹದವಾದ ಮೇಲೆ ಹುಳುಗಳು ಕೋಶದ ಬಾಯಿಗೆ ತೆಳು ಮೇಣದ ಮುಚ್ಚಳ ಹಾಕುತ್ತವೆ. ಹೆಚ್ಚಿನ ಕೋಶಗಳಿಗೆ ಮುಚ್ಚಳ ಬಿದ್ದ ಮೇಲೆ ಕೊಯ್ದರೆ ತೇವಾಂಶ ತಾನಾಗಿ ಇಳಿದಿರುತ್ತದೆ. ಎರಡು ವಾರ ಮೊದಲೇ ಕೊಯ್ದರೆ ಬರುವುದು ಹಸಿ ತುಪ್ಪ. ಅದು ಡಬ್ಬಿಯಲ್ಲೇ ಹುಳಿಯುತ್ತದೆ. ನೊರೆ ಏಳುತ್ತದೆ, ಮುಚ್ಚಳ ಉಬ್ಬುತ್ತದೆ, ತೆರೆದರೆ ಹುಳಿ ವಾಸನೆ.

ಇದು ಜೇನುಕುರುಬರಿಗೆ ಗೊತ್ತಿಲ್ಲದ ಸಂಗತಿಯೇ? ಖಂಡಿತ ಅಲ್ಲ. ‘ಆದಿವಾಸಿಗಳಿಗೆ ವೈಜ್ಞಾನಿಕ ಜೇನು ಕೊಯ್ಲಿನ ತರಬೇತಿ’ ಎಂಬ ಬ್ಯಾನರ್ ಕಂಡಾಗ ನಗು ಬರುವುದು ಅದಕ್ಕೇ. ಹಸಿ ತುಪ್ಪ ಇಳಿಸುವುದಕ್ಕೆ ಕಾರಣ ಅಜ್ಞಾನವಲ್ಲ, ಅವಸರ. ಇವತ್ತು ಬಿಟ್ಟರೆ ನಾಳೆ ಇನ್ಯಾರೋ ಕೊಯ್ಯುತ್ತಾರೆ. ಅರಣ್ಯ ಇಲಾಖೆಯ ಗಾರ್ಡ್ ಯಾವಾಗ ತಡೆಯುತ್ತಾನೋ ಗೊತ್ತಿಲ್ಲ. ವ್ಯಾಪಾರಿಯಿಂದ ಮುಂಗಡ ತೆಗೆದುಕೊಂಡಾಗಿದೆ. ಮಳೆ ಬಂದರೆ ಹೆಜ್ಜೇನು ಕೂಡಿಟ್ಟದ್ದನ್ನು ತಾನೇ ತಿಂದು ಹಾರಿಹೋಗುತ್ತದೆ. ಮಳೆಯನ್ನು ಯಾರೂ ನಿಲ್ಲಿಸಲಾರರು, ಉಳಿದ ಮೂರಕ್ಕೂ ಪರಿಹಾರವಿದೆ.

ಮೊದಲ ಎರಡಕ್ಕೆ ಪರಿಹಾರ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ಇದೆ. ಜೇನು, ಮೇಣ, ಬಿದಿರು, ಬೆತ್ತ, ಗೆಡ್ಡೆ ಗೆಣಸು ಎಲ್ಲವೂ ಅದರ ಪ್ರಕಾರ ಕಿರು ಅರಣ್ಯ ಉತ್ಪನ್ನ. ಅವುಗಳ ಒಡೆತನ, ಸಂಗ್ರಹ, ಮಾರಾಟದ ಹಕ್ಕು 3(1)(ಸಿ) ಕಲಮಿನಲ್ಲಿದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳೂ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ನಾಗರಹೊಳೆ ಇದಕ್ಕೆ ಹೊರತಲ್ಲ. 2012ರ ತಿದ್ದುಪಡಿ ನಿಯಮಗಳು ಇನ್ನೂ ಸ್ಪಷ್ಟ: ಸಂಗ್ರಹಕ್ಕೆ ರಾಯಧನವಿಲ್ಲ, ಶುಲ್ಕವಿಲ್ಲ, ಸಾಗಣೆ ಪರ್ಮಿಟ್ ಕೊಡಬೇಕಾದದ್ದು ಗ್ರಾಮಸಭೆಯ ಸಮಿತಿ. ರೇಂಜರ್ ಕಚೇರಿಗೆ ಅಲೆಯುವ ಅಗತ್ಯವೇ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು 2011ರಲ್ಲೇ ಸಿಕ್ಕಿದೆ.

ನಮ್ಮಲ್ಲಿ ಎಲ್ಲರ ಓಟ ‘ಎ’ ನಮೂನೆಯ ಹಿಂದೆ. ಅದು ಒಂದೊಂದು ಕುಟುಂಬದ ಜಾಗದ ಅರ್ಜಿ. ಸಂಗ್ರಹದ ಹಕ್ಕಿಗೆ ತುಂಬಬೇಕಾದದ್ದು ‘ಬಿ’ ನಮೂನೆ, ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕಿಗೆ ‘ಸಿ’ ನಮೂನೆ. ಜಾಗದ ಅರ್ಜಿಯ ಜೊತೆಯಲ್ಲೇ ಇವನ್ನೂ ಕೊಡಬಹುದು. ದಾಖಲೆಗೆ ಹೆದರಬೇಕಿಲ್ಲ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯ. ಗೆಡ್ಡೆ ಅಗೆಯುವ ಜಾಗ, ಜೇನು ಮರಗಳಿರುವ ಜಾಗ, ದೇವರ ಬನ, ಸುಡುಗಾಡು ಇವನ್ನು ಕೈನಕ್ಷೆಯಲ್ಲಿ ಗುರುತಿಸಿ ಲಗತ್ತಿಸಬೇಕು. ಯಾವ ಹಾಡಿಗೆ ಯಾವ ಬೂರುಗದ ಮರ ಎಂಬುದು ಕಾಗದದಲ್ಲಿ ಇತ್ಯರ್ಥವಾದರೆ ತುಪ್ಪ ಹದವಾಗುವ ತನಕ ಕಾಯುವ ಧೈರ್ಯವೂ ಬರುತ್ತದೆ.

ಈ ಅರ್ಜಿಗಳು ಎಡವುತ್ತಿರುವುದು ಗ್ರಾಮಸಭೆಯಲ್ಲಿ. ನಿಯಮದ ಪ್ರಕಾರ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಹಾಜರಾದವರಲ್ಲಿ ಮೂರನೇ ಒಂದರಷ್ಟು ಹೆಂಗಸರಿರಬೇಕು. ಸಭೆ ಕರೆಯುವುದು ವಾರದ ದಿನ, ಬೆಳಿಗ್ಗೆ 11ಕ್ಕೆ. ಅಷ್ಟೊತ್ತಿಗೆ ತೋಟದ ಜೀಪುಗಳು ಬಂದು ಆಳುಗಳನ್ನು ತುಂಬಿಕೊಂಡು ಹೋಗಿ ಮೂರು ತಾಸಾಗಿರುತ್ತದೆ. ಹಾಡಿಯಲ್ಲಿ ಉಳಿದವರು ಮುದುಕರು, ಮಕ್ಕಳು. ಕೋರಂ ಇಲ್ಲವೆಂದು ಸಭೆ ಮುಂದಕ್ಕೆ ಹೋಗುತ್ತದೆ, ‘ಆದಿವಾಸಿಗಳಿಗೆ ಆಸಕ್ತಿಯಿಲ್ಲ’ ಎಂಬ ಮಾತು ಅಧಿಕಾರಿಗಳ ಬಾಯಲ್ಲಿ ಉಳಿಯುತ್ತದೆ. ತೋಟದ ಆಳುಗಳ ಲೈನ್ ಮನೆಗಳಲ್ಲಿರುವ ಯರವ ಆದಿವಾಸಿಗಳಿಗಂತೂ ಸಭೆಯ ಸುದ್ದಿಯೇ ತಲುಪುವುದಿಲ್ಲ. ಕೆಲಸಕ್ಕೆ ರಜೆಯಿರುವ ಸಂತೆಯ ದಿನ, ಸಂತೆ ಮುಗಿದ ಮೇಲೆ, ಹಾಡಿಯಲ್ಲೇ ಸಭೆ ನಡೆಸಿದರೆ ಕೋರಂ ಚಿಂತೆ ಇರುವುದಿಲ್ಲ.

ಮೂರನೆಯ ಕಾರಣ ಮುಂಗಡ. ಕೊಂಡ ದಿನವೇ ದುಡ್ಡು ಕೊಡುವ ಸಂಘವಿದ್ದರೆ ಮುಂಗಡದ ಹಗ್ಗ ಸಡಿಲವಾಗುತ್ತದೆ. ಆದಿವಾಸಿಗಳ ಸಹಕಾರ ಸಂಘಗಳಾದ ಲ್ಯಾಂಪ್ಸ್ ಸೊಸೈಟಿಗಳು ಹುಟ್ಟಿದ್ದೇ ಇದಕ್ಕಾಗಿ. ಮೇ ತಿಂಗಳಲ್ಲಿ ತುಪ್ಪ ಕೊಟ್ಟವರಿಗೆ ಹಣ ಮಳೆ ಮುಗಿದ ಮೇಲೆ ಬಂದರೆ, ಮುಂದಿನ ವರ್ಷ ಅವರು ವ್ಯಾಪಾರಿಯ ಕಡೆಗೇ ತಿರುಗುತ್ತಾರೆ. ಅದನ್ನು ತಪ್ಪೆನ್ನಲು ನಮಗೆ ಮನಸ್ಸಾಗದು.

ಪ್ರತಿ ಹಾಡಿಗೆ ಬೇಕಾದ ಸಾಮಾನು ದೊಡ್ಡದೇನಲ್ಲ. ಒಂದು ಡಿಜಿಟಲ್ ತಕ್ಕಡಿ, ಮುಚ್ಚಳವಿರುವ ಆಹಾರ ದರ್ಜೆಯ ಬಕೆಟ್‌ಗಳು, ಸ್ಟೀಲ್ ಜಾಲರಿ, ಮಲ್ಲು ಬಟ್ಟೆ, ತೇವಾಂಶ ಅಳೆಯುವ ಒಂದು ಕೈ ರಿಫ್ರ್ಯಾಕ್ಟೋಮೀಟರ್. ಕೊನೆಯದನ್ನು ಕೊಳ್ಳುವಾಗ ಎಚ್ಚರ ಬೇಕು. ಹಣ್ಣಿನ ರಸಕ್ಕೆ ಬಳಸುವ 0–32 ಬ್ರಿಕ್ಸ್‌ನ (ಸಕ್ಕರೆಯಂಶದ ಅಳತೆ) ಸಾಧನ ಅಗ್ಗವೆಂದು ತಂದರೆ ಜೇನು ಅದರ ಮಾಪನ ಪಟ್ಟಿಗೇ ಸಿಗುವುದಿಲ್ಲ. ನೀರಿನ ಶೇಕಡಾವಾರು ನೇರ ತೋರಿಸುವ, ಜೇನಿಗೆಂದೇ ಮಾಡಿದ ಸಾಧನವೇ ಬೇಕು. ಗಾಜಿನ ಮೇಲೆ ಒಂದು ಹನಿ ಬಿಟ್ಟು, ಮುಚ್ಚಿ, ಬೆಳಕಿಗೆ ಹಿಡಿದು ನೋಡಿದರಾಯಿತು. ಗಾಜಿನಲ್ಲಿ ನೀರಿನ ಪಸೆ ಉಳಿದಿದ್ದರೆ ಲೆಕ್ಕ ತಪ್ಪುತ್ತದೆ.

ಎರಿಯನ್ನು ಹಿಂಡಬಾರದು. ಹಿಂಡಿದರೆ ಪರಾಗ, ಮರಿಯ ರಸ ಸೇರಿ ತುಪ್ಪ ಬೇಗ ಕೆಡುತ್ತದೆ. ತುಪ್ಪದ ಭಾಗವನ್ನಷ್ಟೇ ಕತ್ತರಿಸಿ ಜಾಲರಿಯ ಮೇಲಿಟ್ಟು ರಾತ್ರಿಯಿಡೀ ತೊಟ್ಟಿಕ್ಕಲು ಬಿಡಬೇಕು. ನೀರು ಆರಲೆಂದು ಒಲೆಯ ಮೇಲಿಡುವುದೂ ಸಲ್ಲದು: ಬಣ್ಣ ಕಪ್ಪಾಗುತ್ತದೆ, ಪರೀಕ್ಷೆಯಲ್ಲಿ ಎಚ್.ಎಂ.ಎಫ್. (ಕಾಯಿಸಿದಾಗ ಹೆಚ್ಚುವ ರಾಸಾಯನಿಕ) ಅಂಶ ಏರಿ ತಿರಸ್ಕೃತವಾಗುತ್ತದೆ. ತೋಟದ ಔಷಧಿಯ ಖಾಲಿ ಕ್ಯಾನಿಗೆ ತುಪ್ಪ ತುಂಬುವುದನ್ನು ಕಂಡರೆ ಯಾರೇ ಆಗಲಿ ತಡೆಯಬೇಕು.

ಹಣ ಎಲ್ಲಿಂದ? 2023ರ ನವೆಂಬರ್‌ನಲ್ಲಿ ಆರಂಭವಾದ ಪಿ.ಎಂ. ಜನಮನ್ ಯೋಜನೆಯಲ್ಲಿ ಕಾಡಿನ ಉತ್ಪನ್ನ ಸಂಸ್ಕರಿಸಿ ಮಾರುವ ವನಧನ ಕೇಂದ್ರಗಳಿಗೆ ಅವಕಾಶವಿದೆ. ಅದು ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳಿಗೆ ಸೀಮಿತ. ರಾಜ್ಯದಲ್ಲಿ ಜೇನುಕುರುಬರು, ಕೊರಗರು ಮಾತ್ರ ಆ ಪಟ್ಟಿಯಲ್ಲಿದ್ದಾರೆ. ಅದೇ ಹಾಡಿಯ ಪಕ್ಕದ ಗುಡಿಸಲಿನ ಬೆಟ್ಟಕುರುಬರು, ಯರವರು ಇಲ್ಲ. ಮರ ಹತ್ತುವವನು ಒಬ್ಬ, ಕೆಳಗೆ ಹಗ್ಗ ಹಿಡಿಯುವವನು ಇನ್ನೊಬ್ಬ. ಒಂದೇ ಬಕೆಟ್ಟಿನ ತುಪ್ಪಕ್ಕೆ ಎರಡು ಲೆಕ್ಕ ಬೇಡ. ಉಳಿದವರ ಪಾಲನ್ನು ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ (ಐಟಿಡಿಪಿ) ಕಚೇರಿ ತನ್ನ ಅನುದಾನದಿಂದ ಭರಿಸಲಿ.

ಕಾಫಿ ಕೊಯ್ಲಿಗೆ ಮುಂಚೆಯೇ, ನವೆಂಬರ್‌ನೊಳಗೆ ‘ಬಿ’ ನಮೂನೆಯ ಸಭೆಗಳು ಮುಗಿಯಲಿ. ತಕ್ಕಡಿ, ಬಕೆಟ್ ಮಾರ್ಚ್ ಕೊನೆಯೊಳಗೆ ಹಾಡಿ ಸೇರಬೇಕು. ಏಪ್ರಿಲ್ ದಾಟಿ ಬಂದ ಬಕೆಟ್ ನೀರು ಹಿಡಿಯಲಿಕ್ಕಷ್ಟೇ ಆಗುತ್ತದೆ.

– ಕಿರು ಅರಣ್ಯ ಉತ್ಪನ್ನದ ಕೆಲಸದಲ್ಲಿರುವ ಕೆಲವರು
ಪೊನ್ನಂಪೇಟೆ ತಾಲ್ಲೂಕು, ಕೊಡಗು