ಕಾರು ಚಾರ್ಜಿಂಗ್ ದರ ಬದಲಾಗುತ್ತಿದೆ: ಹಗಲು ಕಡಿಮೆ, ಸಂಜೆ ಜಾಸ್ತಿ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ,

ಮೊದಲು ವಿಷಯ ಹೇಳಿಬಿಡುತ್ತೇವೆ, ಕಾರಣ ಆಮೇಲೆ. ನಿಮ್ಮ ಅಪಾರ್ಟ್‌ಮೆಂಟು, ಲೇಔಟುಗಳಲ್ಲಿ ನಾವು ನಡೆಸುತ್ತಿರುವ ಕಾರು ಚಾರ್ಜಿಂಗ್ ಪಾಯಿಂಟ್‌ಗಳಲ್ಲಿ ಈಗ ಯಾವ ಹೊತ್ತಿಗೆ ಹಾಕಿದರೂ ಯುನಿಟ್‌ಗೆ 9 ರೂಪಾಯಿ. ಮುಂದಿನ ತಿಂಗಳ 1ನೇ ತಾರೀಕಿನಿಂದ ಹೀಗಿರುವುದಿಲ್ಲ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ 7 ರೂಪಾಯಿ. ಸಂಜೆ 6ರಿಂದ ರಾತ್ರಿ 10ರವರೆಗೆ 12 ರೂಪಾಯಿ. ಉಳಿದ ಹೊತ್ತಿನಲ್ಲಿ ಅದೇ 9. ಸ್ಕೂಟರ್‌ಗಳಿಗೆ ಏನೂ ಬದಲಾವಣೆ ಇಲ್ಲ. ಅವು ಒಂದು ಸಲಕ್ಕೆ ಮೂರ್ನಾಲ್ಕು ಯುನಿಟ್ ಕುಡಿದರೆ ಹೆಚ್ಚು, ಅವುಗಳಿಂದ ಇಲ್ಲಿವರೆಗೆ ಯಾರಿಗೂ ತೊಂದರೆ ಆಗಿಲ್ಲ.

ನಮ್ಮ ಹುಡುಗರು ಈ ಸುದ್ದಿ ಒಂದಿಬ್ಬರ ಹತ್ತಿರ ಹೇಳಿದ ಕೂಡಲೇ ಬಂದ ಮಾತು, "ತಾರಸಿ ತುಂಬ ಸೋಲಾರ್ ಪ್ಯಾನಲ್ ಹಾಕಿಸಿದೀವಿ, ಬಿಸಿಲಿಗೂ ದುಡ್ಡಾ?" ಕೇಳುವುದರಲ್ಲಿ ತಪ್ಪಿಲ್ಲ. ಹಾಗೆ ಅಂದುಕೊಳ್ಳುವಂತೆ ಮಾಡಿದ್ದು ನಾವೇ. ಈ ಕೆಲಸ ಶುರು ಮಾಡಿದಾಗ "ನಿಮ್ಮ ತಾರಸಿಯ ಬಿಸಿಲಲ್ಲೇ ನಿಮ್ಮ ಕಾರು ಓಡುತ್ತೆ" ಅಂತ ಪಾಂಪ್ಲೆಟ್ ಹಂಚಿದ್ದೆವು. ಅದು ಅರ್ಧ ನಿಜ. ಬಿಸಿಲು ಇರುವಾಗ ನಿಮ್ಮ ಕಾರು ಆಫೀಸಿನ ಬೇಸ್‌ಮೆಂಟಿನಲ್ಲಿ ನಿಂತಿರುತ್ತದೆ, ಅದು ಮನೆಗೆ ಬರುವ ಹೊತ್ತಿಗೆ ಸೂರ್ಯ ಮನೆಗೆ ಹೋಗಿರುತ್ತಾನೆ. ಇಷ್ಟು ಸಣ್ಣ ವಿಷಯ ಪಾಂಪ್ಲೆಟ್ ಬರೆಯುವಾಗ ನಮಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಕಳೆದ ಬೇಸಿಗೆಯಲ್ಲಿ. ದೇವನಹಳ್ಳಿ ಕಡೆಯ ಒಂದು ಹೊಸ ಅಪಾರ್ಟ್‌ಮೆಂಟು, 60 ಮನೆ. ಸಂಜೆ ಏಳೂವರೆಗೆ ಆರು ಕಾರು ಒಟ್ಟಿಗೆ ಚಾರ್ಜಿಗೆ ನಿಂತವು, ಒಂದೊಂದೂ 7.2 ಕಿಲೋವ್ಯಾಟ್ ಎಳೆಯುವಂಥವು, ಅಂದರೆ ಬರೀ ಕಾರುಗಳದ್ದೇ 43 ಕಿಲೋವ್ಯಾಟ್, ಅದೇ ಹೊತ್ತಿಗೆ ಸಂಪಿನ ಮೋಟರು ಓಡುತ್ತಿತ್ತು, ಎರಡೂ ಲಿಫ್ಟ್ ಓಡಾಡುತ್ತಿದ್ದವು. ಮೇನ್ ಟ್ರಿಪ್ ಆಯಿತು. ಜನರೇಟರ್ ಶುರುವಾಯಿತು, ಅದರ ತಲೆಯ ಮೇಲೂ ಅದೇ ಆರು ಕಾರು ಬಂದು ಕೂತವು, ಅದೂ ನಿಂತಿತು. ಸೊಪ್ಪು ತರಲು ಹೋಗಿದ್ದ ಒಬ್ಬ ಅಜ್ಜಿ ಇಪ್ಪತ್ತು ನಿಮಿಷ ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಜನರೇಟರ್ ಲೈನಿನಿಂದ ಚಾರ್ಜರ್‌ಗಳನ್ನು ಬೇರೆ ಮಾಡಬೇಕಿತ್ತು, ಮಾಡಿರಲಿಲ್ಲ. ಅದು ಪೂರ್ತಿ ನಮ್ಮ ತಪ್ಪು. ಆ ವಾರವೇ ನಾವು ನೋಡಿಕೊಳ್ಳುವ ಎಲ್ಲ ಕಡೆ ಅದನ್ನು ಸರಿ ಮಾಡಿದ್ದೇವೆ. ಈಗ ಜನರೇಟರ್ ಓಡುವಾಗ ಯಾವ ಕಾರೂ ಚಾರ್ಜ್ ಆಗುವುದಿಲ್ಲ. ಅಜ್ಜಿಯವರ ಮನೆಗೆ ಹೋಗಿ ಕ್ಷಮೆ ಕೇಳಿ ಕಾಫಿ ಕುಡಿದು ಬಂದೆವು, ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು.

ಸ್ವಲ್ಪ ಲೆಕ್ಕ ಗೊತ್ತಿರುವವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ನೆಟ್ ಮೀಟರಿಂಗ್ ಇದೆಯಲ್ಲ, ಹಗಲು ಬೆಸ್ಕಾಂಗೆ ಕೊಟ್ಟ ಯುನಿಟ್ ರಾತ್ರಿ ಬಳಸಿದ್ದಕ್ಕೆ ವಜಾ ಆಗುತ್ತಲ್ಲ, ಹಗಲಾದರೇನು ರಾತ್ರಿಯಾದರೇನು? ಒಳ್ಳೇ ಪ್ರಶ್ನೆ. ಬಿಲ್ಲಿನ ಯುನಿಟ್ ಲೆಕ್ಕಕ್ಕೆ ಅದು ಸರಿ. ಆದರೆ ತಂತಿಗೆ, ಟ್ರಾನ್ಸ್‌ಫಾರ್ಮರಿಗೆ ತಿಂಗಳ ಕೊನೆಯ ಲೆಕ್ಕ ಗೊತ್ತಿಲ್ಲ. ಸಂಜೆ ಏಳೂವರೆಗೆ ಎಷ್ಟು ಎಳೆದಿರಿ ಅನ್ನುವುದಷ್ಟೇ ಅವಕ್ಕೆ ಗೊತ್ತು. ಸಂಜೆಯ ಆ ಎರಡು ಮೂರು ಗಂಟೆಗೋಸ್ಕರ ಮಂಜೂರಾದ ಲೋಡ್ (ಕಟ್ಟಡ ಒಟ್ಟಿಗೆ ಎಷ್ಟು ಕರೆಂಟು ಎಳೆಯಬಹುದು ಅಂತ ಬೆಸ್ಕಾಂ ಒಪ್ಪಿದ ಮಿತಿ) ಹೆಚ್ಚಿಸಬೇಕಾದರೆ ಠೇವಣಿ ಕಟ್ಟಬೇಕು, ಪ್ರತಿ ತಿಂಗಳು ಫಿಕ್ಸೆಡ್ ಚಾರ್ಜ್ ಜಾಸ್ತಿ ಆಗುತ್ತದೆ, ಕೆಲವು ಕಡೆ ಟ್ರಾನ್ಸ್‌ಫಾರ್ಮರನ್ನೇ ಬದಲಿಸಬೇಕು. ಆ ಖರ್ಚು ಕಾರಿಲ್ಲದವರ ಮೇಂಟೆನೆನ್ಸ್ ಬಿಲ್ಲಿಗೂ ಹಂಚಿಹೋಗುತ್ತದೆ. ಅದು ನ್ಯಾಯ ಅಲ್ಲ ಅಂತ ನಮಗನ್ನಿಸಿತು.

ಬಿಲ್ಡರುಗಳ ಬಗ್ಗೆಯೂ ಒಂದು ಮಾತು. ಹೊಸ ಕಟ್ಟಡಗಳ ಪಾರ್ಕಿಂಗಿನಲ್ಲಿ 20% ವಾಹನಗಳಿಗೆ ಚಾರ್ಜಿಂಗ್ ವ್ಯವಸ್ಥೆ ಇರಬೇಕು ಅಂತ ಕೇಂದ್ರದ ಮಾದರಿ ಕಟ್ಟಡ ಬೈಲಾಗೆ 2019ರಲ್ಲೇ ತಿದ್ದುಪಡಿ ಬಂದಿದೆ. ಬ್ರೋಷರಿನಲ್ಲಿ "ಇವಿ ರೆಡಿ" ಅಂತ ದೊಡ್ಡದಾಗಿ ಇರುತ್ತದೆ. ನಾವು ಹೋಗಿ ನೋಡಿದರೆ ಎಷ್ಟೋ ಕಡೆ ವಾಚ್‌ಮನ್ ರೂಮಿನ ಪಕ್ಕ ಒಂದು 15 ಆಂಪ್ ಸಾಕೆಟ್! ಕಾರು ತಗೊಳ್ಳುವವರಿಗಿಂತ ಮನೆ ತಗೊಳ್ಳುವವರು ಕೇಳಬೇಕಾದ ಪ್ರಶ್ನೆ ಅದು, ಲೋಡ್ ಎಷ್ಟು ಮಂಜೂರಾಗಿದೆ ಅಂತ.

ತಾರಸಿಯದ್ದೂ ಅದೇ ಕಥೆ. ಒಂದು ಕಿಲೋವ್ಯಾಟ್ ಪ್ಯಾನಲ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ನಮ್ಮ ಬೆಂಗಳೂರಿನ ತಾರಸಿಯಲ್ಲಿ ನೀರಿನ ಟ್ಯಾಂಕು, ಬಿಸಿನೀರಿನ ಸೋಲಾರ್, ಬಟ್ಟೆ ಒಣಗಿಸುವ ತಂತಿ ಎಲ್ಲ ಕಳೆದು ಉಳಿಯುವುದೆಷ್ಟು? ಆ 60 ಮನೆಯ ಕಟ್ಟಡದಲ್ಲಿ 30 ಕಿಲೋವ್ಯಾಟ್ ಹಿಡಿಯಿತು. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯುನಿಟ್ ಅಂದರೂ 120 ಯುನಿಟ್. ಜುಲೈನ ಮೋಡದಲ್ಲಿ ಅಷ್ಟೂ ಇಲ್ಲ. ಲಿಫ್ಟು, ಮೋಟರು, ದೀಪ ತಿಂದು ಮಿಕ್ಕಿದ್ದು ಕಾರುಗಳಿಗೆ.

"ನಾವು ಹಗಲು ಮನೇಲಿ ಇರಲ್ಲ, ಈ 7 ರೂಪಾಯಿ ತಗೊಂಡು ಏನು ಮಾಡೋದು?" ಅನ್ನುವವರಿಗೆ ನಮ್ಮ ಹತ್ತಿರ ಒಂದು ಲೆಕ್ಕ ಇದೆ. ದಿನಕ್ಕೆ 30 ಕಿಲೋಮೀಟರ್ ಓಡಿಸಿದರೆ ಸುಮಾರು 5 ಯುನಿಟ್. ವಾರಕ್ಕೆ 35. ಸಾಮಾನ್ಯ 3.3 ಕಿಲೋವ್ಯಾಟ್ ಪಾಯಿಂಟ್‌ನಲ್ಲಿ 9ರಿಂದ 4ರವರೆಗೆ ಬಿಟ್ಟರೆ ಒಂದು ದಿನಕ್ಕೆ 23 ಯುನಿಟ್ ತುಂಬುತ್ತದೆ. ಶನಿವಾರ, ಭಾನುವಾರ ಎರಡು ದಿನ ಹಾಕಿದರೆ ವಾರ ಪೂರ್ತಿ ಮುಗಿಯಿತು, ಅಲ್ವಾ? ಮೊಬೈಲ್ ತರಹ ದಿನಾ ರಾತ್ರಿ ಸಿಕ್ಕಿಸುವುದು ಅಭ್ಯಾಸ ಅಷ್ಟೇ, ಅವಶ್ಯಕತೆ ಅಲ್ಲ. ಶನಿವಾರವೂ ಆಫೀಸಿಗೆ ಹೋಗುವವರು, ಕ್ಯಾಬ್ ಓಡಿಸುವವರು ರಾತ್ರಿ 10ರ ಮೇಲೆ ಹಾಕಿ, ದರ ಈಗಿನದ್ದೇ. ಸಂಜೆಯೇ ಸಿಕ್ಕಿಸಿ ಕಾರ್ಡ್ ತೋರಿಸಿ "ರಾತ್ರಿ" ಒತ್ತಿದರೂ ಆಯಿತು, 10 ಗಂಟೆಗೆ ತಾನೇ ಶುರುವಾಗುತ್ತದೆ, ಕಾರುಗಳು ಸಾಲಾಗಿ ಪಾಳಿ ಪ್ರಕಾರ ತುಂಬಿಕೊಳ್ಳುತ್ತವೆ.

ಮನೆಯ ಮೀಟರಿನಿಂದಲೇ ತಂತಿ ಎಳೆದುಕೊಂಡರೆ ಹೇಗೆ ಅಂತ ಯೋಚಿಸುವವರು ಗೃಹಜ್ಯೋತಿ ನೆನಪಿಟ್ಟುಕೊಳ್ಳಿ. ಕಾರು ತಿಂಗಳಿಗೆ 150 ಯುನಿಟ್ ಸೇರಿಸಿ ಒಟ್ಟು 200 ದಾಟಿತೋ, ಆ ತಿಂಗಳ ಬಿಲ್ ಪೂರ್ತಿ ನಿಮ್ಮದೇ.

ಇನ್ನೂ ಸೋಲಾರ್ ಹಾಕಿಸದ ಅಸೋಸಿಯೇಷನ್‌ನವರಿಗೆ: 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕಟ್ಟಡದ ಸಾಮಾನ್ಯ ಬಳಕೆಗೆ, ಕಾರು ಚಾರ್ಜಿಂಗ್ ಸೇರಿಸಿ, ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ. 30 ಕಿಲೋವ್ಯಾಟ್‌ಗೆ 5.4 ಲಕ್ಷ. ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇವೆ, ಆಮೇಲೆ ಜಗಳ ಬೇಡ. ಬ್ಯಾಟರಿ ಇಲ್ಲದ ಸೋಲಾರ್ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಶಾಕ್ ಹೊಡೆಯಬಾರದಲ್ಲ, ಅದಕ್ಕೆ.

ಹಳೇ ಕಾರ್ಡ್‌ಗಳೇ ನಡೆಯುತ್ತವೆ, ಬ್ಯಾಲೆನ್ಸ್ ಹಾಗೇ ಇರುತ್ತದೆ. ಮೊದಲ ತಿಂಗಳು ಗೊತ್ತಿಲ್ಲದೆ ಸಂಜೆ ಹಾಕಿ ಬಿಲ್ ಜಾಸ್ತಿ ಬಂದರೆ ನಮಗೊಂದು ಮೆಸೇಜ್ ಹಾಕಿ, ವ್ಯತ್ಯಾಸ ವಾಪಸ್ ಮಾಡುತ್ತೇವೆ. ಎರಡನೇ ತಿಂಗಳು ಮಾಡಲ್ಲ.

ಇಂತಿ,
ನಿಮ್ಮ ಸೋಲಾರ್ ಅಂಗಡಿಯವರು

ತಾ.ಕ.: ಬೇಸಿಗೆ ಬರುತ್ತಿದೆ. ಪ್ಯಾನಲ್ ಮೇಲೆ ಪಂಚೆ ಹಾಸಿ ಹಪ್ಪಳ, ಸಂಡಿಗೆ ಒಣಗಿಸಬೇಡಿ. ಹೋದ ವರ್ಷ ಎರಡು ಕಡೆ ಸಿಕ್ಕಿಬಿದ್ದಿದ್ದಾರೆ, ಹೆಸರು ಹೇಳಲ್ಲ. ತೊಳೆಯುವಾಗ ಬೋರ್‌ವೆಲ್ ನೀರು ಹಾಗೇ ಒಣಗಲು ಬಿಡಬೇಡಿ, ಬಿಳಿ ಕಲೆ ಕೂರುತ್ತದೆ. ಬೆಳಿಗ್ಗೆ ಬೇಗ, ಗಾಜು ತಣ್ಣಗಿರುವಾಗ ತೊಳೆದು ಒರೆಸಿ.