ಈ ಸಲ ಹೂಬಿಟ್ಟ ಪೆಟೂನಿಯಾ ಮಾರುವುದಿಲ್ಲ

ಪ್ರಿಯ ಗ್ರಾಹಕರೇ,

ಈ ಚಳಿಗಾಲದಿಂದ ನಮ್ಮ ನರ್ಸರಿಯಲ್ಲಿ ಹೂಬಿಟ್ಟ ಪೆಟೂನಿಯಾ, ಪ್ಯಾನ್ಸಿ, ಡಾಗ್ ಫ್ಲವರ್ ಗಿಡಗಳು ಸಿಗುವುದಿಲ್ಲ. ಬದಲಿಗೆ ನಾಲ್ಕಾರು ಎಲೆಯ, ಮೊಗ್ಗೂ ಮೂಡದ ಎಳೆ ಸಸಿಗಳನ್ನು ಕೊಡುತ್ತೇವೆ. ನೋಡಲು ಮೆಂತ್ಯ ಸೊಪ್ಪಿನ ಕಟ್ಟಿನಷ್ಟೂ ಚಂದವಿರುವುದಿಲ್ಲ, ಮೊದಲೇ ಹೇಳಿಬಿಡುತ್ತೇವೆ.

ತಪ್ಪು ನಮ್ಮದು. ಕಳೆದ ವರ್ಷ ಅಕ್ಟೋಬರಿನ ಹಿಂಗಾರು ಮಳೆಗೆ ನಮ್ಮ ಒಟ್ಲಿನ (ಬೀಜ ಬಿತ್ತಿ ಸಸಿ ಎಬ್ಬಿಸುವ ಮಡಿಯ) ಸಸಿಗಳು ಬುಡ ಕೊಳೆತು ಒಂದೇ ವಾರದಲ್ಲಿ ಮಲಗಿದವು. ಅಂಗಡಿ ಖಾಲಿ ಕಾಣಬಾರದೆಂದು ಹೊರಗಿನಿಂದ ಹೂಬಿಟ್ಟ ಗಿಡ ತರಿಸಿ ಮಾರಿದೆವು. ಅಂಗೈಯಗಲದ ಕವರಿನಲ್ಲಿ ಬೇರು ಸುರುಳಿ ಸುತ್ತಿಕೊಂಡು, ಇದ್ದ ಕಸುವನ್ನೆಲ್ಲ ಹೂವಿಗೇ ಸುರಿದ ಗಿಡಗಳು ಅವು. ನಿಮ್ಮ ಬಾಲ್ಕನಿಯಲ್ಲಿ ಹದಿನೈದು ದಿನ ನಕ್ಕು ಒಣಗಿದವು. ‘ನಾನೇ ನೀರು ಹೆಚ್ಚು ಹಾಕಿದೆನೇನೋ’ ಎಂದು ಎಷ್ಟೋ ಜನ ಬಂದು ಹೇಳಿದಾಗ ನಮಗೆ ನಾಚಿಕೆಯಾಯಿತು.

ಈ ಬಾರಿ ಮಳೆ ತಾಗದ ಚಪ್ಪರದಡಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇಗಳಲ್ಲಿ ಬಿತ್ತಿದ್ದೇವೆ. ಪೆಟೂನಿಯಾ ಬೀಜ ಧೂಳಿನಂತಿರುತ್ತದೆ. ಮೊಳೆಯಲು ಬೆಳಕು ಬೇಕು, ಮೇಲೆ ಮಣ್ಣು ಮುಚ್ಚಿದರೆ ಕೆಟ್ಟಿತು. ಪ್ಯಾನ್ಸಿಗೆ ಅದರ ತದ್ವಿರುದ್ಧವಾಗಿ ತೆಳುವಾದ ಹೊದಿಕೆ ಬೇಕು, ಸುಮಾರು 20 ಡಿಗ್ರಿಯ ತಂಪೂ ಬೇಕು. ಬೆಂಗಳೂರಿನ ಬಾಲ್ಕನಿಯಲ್ಲಿ ಈ ಎರಡನ್ನೂ ಬೀಜದಿಂದ ಎಬ್ಬಿಸುವುದು ಸುಲಭವಲ್ಲ. ಹಾಗಾಗಿ ಇವುಗಳ ಬೀಜದ ಪೊಟ್ಟಣವನ್ನೂ ನಿಲ್ಲಿಸಿದ್ದೇವೆ. ಸ್ವೀಟ್ ಪೀ, ನಸ್ಟರ್ಷಿಯಂ ಮಾತ್ರ ಬೀಜವಾಗಿಯೇ ಸಿಗುತ್ತವೆ. ಕಿತ್ತು ನೆಡುವುದು ಅವಕ್ಕೆ ಸೇರದು. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ನೇರವಾಗಿ ಕುಂಡಕ್ಕೆ ಹಾಕಿ. ನಸ್ಟರ್ಷಿಯಂಗೆ ಪ್ರೀತಿಯಿಂದ ಗೊಬ್ಬರ ಸುರಿಯಬೇಡಿ, ಬರೀ ಎಲೆ ಬಿಟ್ಟುಕೊಂಡು ಕೂರುತ್ತದೆ.

ಸಸಿಗಳು ನವೆಂಬರ್ ಮೊದಲ ವಾರದಿಂದ ಸಿಗುತ್ತವೆ. ಎಂಟು ಇಂಚಿನ ಕುಂಡಕ್ಕೆ ಒಂದು ಪೆಟೂನಿಯಾ ಅಥವಾ ಮೂರು ಪ್ಯಾನ್ಸಿ ಸಾಕು. ಪೆಟೂನಿಯಾ, ಡಾಗ್ ಫ್ಲವರ್ ಗೇಣುದ್ದವಾಗುವ ಮುಂಚೆ ತುದಿ ಚಿವುಟಿ. ಕೈ ಬಾರದು, ಗೊತ್ತು. ಆದರೆ ಚಿವುಟಿದ ಗಿಡವೇ ಕವಲೊಡೆದು ಕುಂಡ ತುಂಬುತ್ತದೆ. ಲಾಲ್‌ಬಾಗಿನಲ್ಲಿ ಜನವರಿಯ ಫಲಪುಷ್ಪ ಪ್ರದರ್ಶನ ನಡೆಯುವ ಹೊತ್ತಿಗೆ ನಿಮ್ಮ ಕುಂಡವೂ ಹೂವಿನಲ್ಲಿರಬೇಕು. ದೀಪಾವಳಿಗೇ ಬಣ್ಣ ಬೇಕೆನ್ನುವವರಿಗೆ ಸೇವಂತಿಗೆ ಇದೆ, ಅದನ್ನು ಎಂದಿನಂತೆ ಹೂವಿನೊಂದಿಗೇ ಕೊಡುತ್ತೇವೆ.

ಕಳೆದ ವರ್ಷ ನಮ್ಮಲ್ಲಿ ಆ ಹೊರಗಿನ ಗಿಡ ಕೊಂಡವರಿಗೆ ಆರು ಸಸಿ ಉಚಿತ. ರಸೀದಿ ಹುಡುಕಬೇಡಿ, ಖಾಲಿ ಕುಂಡ ತಂದರೆ ಸಾಕು.

ಇಂತಿ,
ನರ್ಸರಿಯ ಬಳಗ